ಕಪ್ಪಿನ ಮೇಲೆ ಬಣ್ಣದ ಬೆಳಕು

ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ರೂಢಿಯಾದ ಮಗುವಿನ ಕೈಗೆ ಕಪ್ಪು ಹಾಳೆ ಕೊಟ್ಟರೆ ಅದು ಮೊದಲಿಗೆ ತಬ್ಬಿಬ್ಬಾಗುತ್ತದೆ. ಜಲವರ್ಣದಲ್ಲಿ ಅದ್ದಿದ ಕುಂಚವನ್ನು ಎಷ್ಟು ಬಾರಿ ಎಳೆದರೂ ಬಣ್ಣ ಮೂಡುವುದಿಲ್ಲ. ಅದೇ ಹಾಳೆಯ ಮೇಲೆ ಹಳದಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆದರೆ ದೀಪ ಹಚ್ಚಿದಂತೆ ಹೊಳೆಯುತ್ತದೆ. ಹೀಗೇಕೆ?

ಜಲವರ್ಣ ಪಾರದರ್ಶಕವಾದುದು. ಬೆಳಕು ಬಣ್ಣದ ಪದರವನ್ನು ಹಾದುಹೋಗಿ, ಕೆಳಗಿನ ಬಿಳಿ ಹಾಳೆಗೆ ತಾಗಿ ಹಿಂದಿರುಗಿದಾಗಲೇ ಅದು ನಮ್ಮ ಕಣ್ಣಿಗೆ ಕಾಣುತ್ತದೆ. ಕಪ್ಪು ಮೇಲ್ಮೈ ಬೆಳಕನ್ನು ಹೀರಿಕೊಳ್ಳುವುದರಿಂದ ಹಿಂದಿರುಗಲು ಏನೂ ಉಳಿಯುವುದಿಲ್ಲ. ಸೀಮೆಸುಣ್ಣ, ಪೇಸ್ಟಲ್, ಪೋಸ್ಟರ್ ಬಣ್ಣಗಳು ಅಪಾರದರ್ಶಕ. ಅವು ಮೇಲ್ಮೈಯನ್ನು ಮುಚ್ಚಿ ತಾವೇ ಬೆಳಕನ್ನು ಪ್ರತಿಫಲಿಸುತ್ತವೆ. ಸುತ್ತಲಿನ ಕಪ್ಪಿನಿಂದಾಗಿ ಕಣ್ಣಿಗೆ ಅವು ಇನ್ನಷ್ಟು ಉಜ್ವಲವಾಗಿ ತೋರುತ್ತವೆ. ಹಳದಿ, ಕಿತ್ತಳೆ ಬೇಗ ಎದ್ದು ಕಾಣುತ್ತವೆ. ಕಡುನೀಲಿ, ನೇರಳೆ ಮಂಕಾಗುತ್ತವೆ. ಅಂತಹ ಬಣ್ಣಗಳಿಗೆ ಮೊದಲು ಬಿಳಿಯ ತಳ ಬಳಿದುಕೊಳ್ಳುವುದೇ ಉಪಾಯ.

ಚಿತ್ರ ಬರೆಯುವ ಕ್ರಮವೂ ಇಲ್ಲಿ ತಿರುವುಮುರುವಾಗುತ್ತದೆ. ಬಿಳಿ ಹಾಳೆಯಲ್ಲಿ ಕಲಾವಿದ ನೆರಳನ್ನು ಬರೆಯುತ್ತಾನೆ, ಬೆಳಕನ್ನು ಹಾಗೆಯೇ ಬಿಡುತ್ತಾನೆ. ಕಪ್ಪಿನ ಮೇಲೆ ಬೆಳಕನ್ನು ಬರೆದು ನೆರಳನ್ನು ಬಿಡಬೇಕು.

ಕಡತದ ಕಥೆ

ಕನ್ನಡ ನಾಡಿಗೆ ಈ ಕಪ್ಪು ಹೊಸದಲ್ಲ. ಇಂದು ಸರ್ಕಾರಿ ಕಚೇರಿಗಳಲ್ಲಿ ವಿಲೇವಾರಿಗಾಗಿ ಕಾಯುವ 'ಕಡತ' ಮೂಲತಃ ಕಪ್ಪು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಅಂಟು ಹಾಗೂ ಇದ್ದಿಲ ಪುಡಿಯನ್ನು ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾರೆ. ಎರಡು ತುದಿಗಳಲ್ಲಿ ಬಣ್ಣ ಬಳಿದ ಮರದ ಹಲಗೆಗಳಿದ್ದವೆಂಬ ಉಲ್ಲೇಖವೂ ಅಲ್ಲಿದೆ. ಅಂದರೆ ಬಣ್ಣ ರಟ್ಟಿನ ಮೇಲಿತ್ತು, ಒಳಗಿನ ಕಪ್ಪು ಲೆಕ್ಕಪತ್ರಕ್ಕೆ ಮೀಸಲಾಗಿತ್ತು.

ಕಪ್ಪಿನ ಮೇಲೆ ಬಣ್ಣವನ್ನು ಪಾಠಕ್ಕೆ ಬಳಸಿದವರಲ್ಲಿ ಎಡಿನ್‌ಬರೋದ ಶಿಕ್ಷಕ ಜೇಮ್ಸ್ ಪಿಲ್ಲನ್ಸ್ ಪ್ರಮುಖರು. 19ನೇ ಶತಮಾನದ ಆರಂಭದಲ್ಲಿ ಅವರು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣಗಳಿಂದ ಭೂಗೋಳವನ್ನು ಕಲಿಸಿದರು. ಭಾರತದಲ್ಲಿ ಪ್ರಾಥಮಿಕ ಶಾಲೆಗಳಿಗೆ ಕನಿಷ್ಠ ಸೌಲಭ್ಯ ಒದಗಿಸಲು 1987ರಲ್ಲಿ ಆರಂಭವಾದ ಯೋಜನೆಯ ಹೆಸರೇ 'ಆಪರೇಷನ್ ಬ್ಲ್ಯಾಕ್‌ಬೋರ್ಡ್'.

ಮಗುವಿನ ಎತ್ತರದ ಹಲಗೆ

ಆದರೆ ಆ ಹಲಗೆ ಬಹುಕಾಲ ಶಿಕ್ಷಕರ ಸೊತ್ತಾಗಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲುಗೊಂಡು ರಾಜ್ಯದಾದ್ಯಂತ ಹರಡಿದ 'ನಲಿ-ಕಲಿ' ಪದ್ಧತಿ ಅದನ್ನು ಮಕ್ಕಳಿಗೂ ಹಂಚಿತು. ತರಗತಿಯ ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು, ನೆಲದ ಮೇಲೆ ಕುಳಿತ ಮಗುವಿನ ಕೈಗೆಟುಕುವಂತೆ ಒಂದೊಂದು ಪಾಲು ಕೊಡಲಾಯಿತು. ತಪ್ಪಿದರೆ ಒರೆಸಬಹುದು, ಹಾಳೆ ಕೆಟ್ಟಿತೆಂಬ ಭಯವಿಲ್ಲ, ಖರ್ಚೂ ಇಲ್ಲ.

ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯಂತಹ ಊರಿನ ಮಗುವಿಗೆ ಈ ಪ್ರಯೋಗ ಅಪರಿಚಿತವೇನಲ್ಲ. ಸಗಣಿ ನೀರಿನಿಂದ ಸಾರಿಸಿದ ಕಡುಬಣ್ಣದ ಅಂಗಳದಲ್ಲಿ ಸಂಕ್ರಾಂತಿಯ ರಂಗೋಲಿ ಅರಳುವುದು ಇದೇ ನಿಯಮದಿಂದ. ಮೊದಲು ಬಿಳಿ ಎಳೆ, ಅನಂತರ ಬಣ್ಣ.

ಇಂದು ತರಗತಿಗಳಿಗೆ ಪರದೆಗಳು ಬರುತ್ತಿವೆ. ಪರದೆಯ ಬಣ್ಣಗಳೂ ಕಪ್ಪಿನ ಮೇಲೆಯೇ ಬೆಳಗುತ್ತವೆ, ನಿಜ. ಆದರೆ ಅದರ ಮುಂದೆ ಕುಳಿತ ಮಗು ಬಹುಮಟ್ಟಿಗೆ ನೋಡುಗನಾಗಿ ಉಳಿಯುತ್ತದೆ. ಗೋಡೆಯ ತಳದ ಆ ಎರಡು ಅಡಿ ಕಪ್ಪು ಮಾಸಿಹೋಗುವ ಮುನ್ನ ಅದಕ್ಕೊಮ್ಮೆ ಮತ್ತೆ ಕಪ್ಪು ಬಳಿದು, ನಾಲ್ಕು ಬಣ್ಣದ ಸೀಮೆಸುಣ್ಣ ಇಟ್ಟರೆ ಸಾಕು. ಅಷ್ಟರಿಂದಲೇ ಮಗು ತನ್ನ ಬೆಳಕನ್ನು ತಾನೇ ಬರೆದುಕೊಳ್ಳಬಲ್ಲದು.