ಅಗಸೆಯ ಕಡಿದ ಎಳೆ

ಬಟ್ಟೆಗೆಂದು ಬೆಳೆದ ಅಗಸೆಗೆ ಯಾರೂ ಕುಡುಗೋಲು ಹಾಕುವುದಿಲ್ಲ. ಬೇರುಸಮೇತ ಕೀಳುತ್ತಾರೆ. ದಂಟಿನ ಬುಡದಿಂದ ತುದಿಯವರೆಗೂ ನಾರು ಓಡಿರುತ್ತದೆ. ಬುಡದಲ್ಲಿ ಒಂದು ಗೇಣು ಬಿಟ್ಟು ಕೊಯ್ದರೆ ಎಳೆಯೂ ಅಷ್ಟೇ ಗಿಡ್ಡವಾಗುತ್ತದೆ, ಬೆಲೆಯೂ ಇಳಿಯುತ್ತದೆ. ಉತ್ತರ ಐರ್ಲೆಂಡಿನ ರೈತರಿಗೆ ಒಂದು ಕಾಲದಲ್ಲಿ ಇದನ್ನು ಹೇಳಿಕೊಡುವ ಅಗತ್ಯವೇ ಇರಲಿಲ್ಲ. ಈಗ ಅಲ್ಲಿನ ಟೈರೋನ್ ಕೌಂಟಿಯಲ್ಲಿ ಹೆಲೆನ್ ಕೀಸ್ ಮತ್ತು ಚಾರ್ಲಿ ಮ್ಯಾಲನ್ ತಮ್ಮ ಜಮೀನಿನಲ್ಲಿ ಅಗಸೆ ಬಿತ್ತಿ, ‘ಮ್ಯಾಲನ್ ಲಿನನ್’ ಎಂಬ ಹೆಸರಿನಲ್ಲಿ, ಮರೆತುಹೋದ ಆ ಕಸುಬನ್ನು ಮತ್ತೆ ಕಟ್ಟುತ್ತಿದ್ದಾರೆ.

ಈ ಅಗಸೆ ನಮಗೆ ಹೊರಗಿನದಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆಹೊಲಗಳಲ್ಲಿ ಹಿಂಗಾರಿಗೆ ಬರುವ, ಜೋಳದ ರೊಟ್ಟಿಯ ಪಕ್ಕದಲ್ಲಿ ಹಿಂಡಿಯಾಗಿ ಕೂರುವ ಅಗಸಿಯೇ ಇದು. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು: ಲೈನಮ್ ಯುಸಿಟಾಟಿಸ್ಸಿಮಮ್. ಕೊನೆಯ ಪದಕ್ಕೆ ಲ್ಯಾಟಿನ್ನಿನಲ್ಲಿ ‘ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು’ ಎಂದು ಅರ್ಥ. ವ್ಯತ್ಯಾಸವಿರುವುದು ತಳಿಯಲ್ಲಿ ಮತ್ತು ಬಿತ್ತನೆಯಲ್ಲಿ. ಕಾಳಿನ ಅಗಸೆ ಗಿಡ್ಡ, ಕವಲು ಹೆಚ್ಚು; ಕವಲು ಹೆಚ್ಚಿದಷ್ಟೂ ಕಾಯಿ ಹೆಚ್ಚು. ನಾರಿನ ಅಗಸೆ ಸುಮಾರು ಒಂದು ಮೀಟರ್ ಎತ್ತರಕ್ಕೆ ನೆಟ್ಟಗೆ ಏಳುತ್ತದೆ. ಕವಲೊಡೆಯಲು ಜಾಗವೇ ಸಿಗದಂತೆ ಅದನ್ನು ಒತ್ತೊತ್ತಾಗಿ ಬಿತ್ತುತ್ತಾರೆ.

ಬೆಳೆಯುವುದು ಇದರಲ್ಲಿ ಸುಲಭದ ಭಾಗ. ಏಪ್ರಿಲ್‌ನಲ್ಲಿ ಬಿತ್ತಿದ ಬೆಳೆ ಸುಮಾರು 100 ದಿನಕ್ಕೆ ಕೀಳಲು ಬರುತ್ತದೆ. ಬೆಳಿಗ್ಗೆ ಹೊಲವೆಲ್ಲ ನೀಲಿ ಹೂವು. ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿ ಮತ್ತೆ ಹಸಿರು. ಪಶ್ಚಿಮ ಯುರೋಪಿನ ತಂಪು ಹವೆಯಲ್ಲಿ ನೀರಾವರಿ ಬೇಡ. ಗೊಬ್ಬರವೂ ಕಡಿಮೆಯೇ ಸಾಕು. ಸಾರಜನಕ ಹೆಚ್ಚಾದರೆ ಗಿಡ ಮಲಗಿಬಿಡುತ್ತದೆ. ಒಂದು ಹೊಲದಲ್ಲಿ ಒಮ್ಮೆ ಬೆಳೆದರೆ ಮತ್ತೆ ಅಲ್ಲಿಗೆ ಬರಲು ಆರೇಳು ವರ್ಷ ಬಿಡಬೇಕು, ಅಷ್ಟೇ.

ಕಷ್ಟ ಶುರುವಾಗುವುದು ಕಿತ್ತ ಮೇಲೆ. ನಾರು ದಂಟಿನ ಒಳಕಡ್ಡಿಗೆ ಒಂದು ಬಗೆಯ ಅಂಟಿನಿಂದ ಹಿಡಿದುಕೊಂಡಿರುತ್ತದೆ. ಆ ಅಂಟು ಬಿಡಬೇಕಾದರೆ ದಂಟನ್ನು ಕೊಳೆಹಾಕಬೇಕು. ಪುಂಡಿ, ಸೆಣಬಿನ ನಾರು ತೆಗೆದವರಿಗೆ ಈ ಕೆಲಸ ಹೊಸದೇನಲ್ಲ. ಐರ್ಲೆಂಡಿನ ರೈತರು ಹೊಲದ ಮಗ್ಗುಲಲ್ಲಿ ಹೊಂಡ ತೋಡಿ, ಕಂತೆಗಳನ್ನು ಮುಳುಗಿಸಿ, ಮೇಲೆ ಕಲ್ಲು ಹೇರುತ್ತಿದ್ದರು. ಒಂದೆರಡು ವಾರದ ನಂತರ ಸೊಂಟದವರೆಗಿನ ನೀರಿಗಿಳಿದು ಅವನ್ನು ಎತ್ತಬೇಕಿತ್ತು. ಸುತ್ತೆಲ್ಲ ಕೊಳೆತ ನಾತ. ಆ ನೀರು ಹೊಳೆಗೆ ಸೇರಿದರೆ ಮೀನು ಸಾಯುತ್ತಿದ್ದವು. ನೊಬೆಲ್ ಪಡೆದ ಐರಿಷ್ ಕವಿ ಸೀಮಸ್ ಹೀನಿ ಬೆಳೆದದ್ದು ಇಂಥ ಹೊಂಡಗಳ ನಡುವೆ; 1966ರಲ್ಲಿ ಬಂದ ಅವರ ಮೊದಲ ಸಂಕಲನದ ಶೀರ್ಷಿಕೆ ಪದ್ಯ ತೆರೆದುಕೊಳ್ಳುವುದು ಅಗಸೆಯ ಹೊಂಡದಲ್ಲೇ. ಫ್ರಾನ್ಸಿನಲ್ಲಿ ಹೊಂಡವಿಲ್ಲ. ಕಿತ್ತ ದಂಟನ್ನು ಹೊಲದಲ್ಲೇ ಸಾಲಾಗಿ ಹಾಸುತ್ತಾರೆ. ಇಬ್ಬನಿ, ಬಿಸಿಲು ಮತ್ತು ಬೂಷ್ಟು ಸೇರಿ ಕೆಲವು ವಾರಗಳಲ್ಲಿ ಅದೇ ಕೆಲಸ ಮಾಡುತ್ತವೆ. ನಾಲ್ಕು ದಿನ ಮೊದಲೇ ಎತ್ತಿದರೆ ನಾರು ಬಿಡುವುದಿಲ್ಲ, ತಡವಾದರೆ ನಾರೇ ಕೊಳೆಯುತ್ತದೆ. ಯಾವಾಗ ಎತ್ತಬೇಕೆಂಬುದನ್ನು ದಂಟು ಮುರಿದು ನೋಡಿದ ಕೈಯೇ ಹೇಳಬೇಕು.

ಆಮೇಲೆ ದಂಟನ್ನು ಒಣಗಿಸಿ, ಒಳಕಡ್ಡಿ ಪುಡಿಯಾಗುವಂತೆ ಮುರಿದು, ಬಡಿದು ನಾರು ಬಿಡಿಸಬೇಕು. ಬಿಡಿಸಿದ ನಾರನ್ನು ಉಕ್ಕಿನ ಮುಳ್ಳಿನ ಹಣಿಗೆಯಲ್ಲಿ ಬಾಚಿದಾಗ ಉದ್ದ ಎಳೆ ಕೈಯಲ್ಲಿ ಉಳಿಯುತ್ತದೆ, ಗಿಡ್ಡ ಎಳೆ ಹಣಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಗಿಡ್ಡ ಎಳೆ ಹಗ್ಗಕ್ಕೆ, ಒರಟು ಬಟ್ಟೆಗೆ, ಕಾಗದಕ್ಕೆ; ಕಡ್ಡಿಪುಡಿ ಹಲಗೆಗೆ, ಕೊಟ್ಟಿಗೆಯ ಹಾಸಿಗೆ; ಬೀಜ ಎಣ್ಣೆಗೆ. ಗಿಡದಲ್ಲಿ ಎಸೆಯುವ ಭಾಗವೇ ಇಲ್ಲ. ಉಳಿದ ಉದ್ದ ಎಳೆಯಿಂದ ನಯವಾದ ನೂಲು ಬರಬೇಕಾದರೆ ಅದನ್ನು ಬಿಸಿನೀರಿನ ತೊಟ್ಟಿಯಲ್ಲಿ ಹಾಯಿಸಿ ನೂಲಬೇಕು. ಎಳೆಯನ್ನು ನೀರಿನಲ್ಲಿ ನೆನೆಸಿ ನೂಲುವ ವಿಧಾನಕ್ಕೆ 1825ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ಜೇಮ್ಸ್ ಕೇ ಪೇಟೆಂಟ್ ಪಡೆದ. ಉತ್ತರ ಐರ್ಲೆಂಡಿನ ಬೆಲ್ಫಾಸ್ಟ್ ನಗರದ ಭಾಗ್ಯ ತೆರೆದದ್ದು ಅದರಿಂದ.

ಹಾಗೆಂದು ಅಲ್ಲಿ ಲಿನನ್, ಅಂದರೆ ಅಗಸೆಯ ಬಟ್ಟೆ, ಹುಟ್ಟಿದ್ದು ಯಂತ್ರದಿಂದಲ್ಲ. ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನಾಟ್ ನೇಕಾರರ ಮುಂದಾಳು ಲೂಯಿ ಕ್ರೊಮೆಲಿನ್ 1698ರಲ್ಲಿ ಬೆಲ್ಫಾಸ್ಟ್ ಬಳಿಯ ಲಿಸ್ಬರ್ನ್‌ಗೆ ಬಂದಾಗ ಮನೆಮನೆಯಲ್ಲಿ ಚರಕ ಆಗಲೇ ಇತ್ತು. 19ನೇ ಶತಮಾನದಲ್ಲಿ ಹೊಗೆಕೊಳವೆಗಳು ಎದ್ದವು, ಬೆಲ್ಫಾಸ್ಟಿಗೆ ‘ಲಿನನೊಪೊಲಿಸ್’ ಎಂಬ ಅಡ್ಡಹೆಸರು ಬಂತು. ಬಿಸಿನೀರು ಚಿಮ್ಮುವ ನೆಲದ ಮೇಲೆ ಹೆಂಗಸರು, ಹುಡುಗಿಯರು ಬರಿಗಾಲಲ್ಲಿ ನಿಂತು ನೂಲುತ್ತಿದ್ದರು. ಮೊದಲ ಮಹಾಯುದ್ಧದ ವಿಮಾನಗಳ ರೆಕ್ಕೆಗೆ ಹೊದಿಸಿದ್ದು ಈ ಬಟ್ಟೆ. ಎರಡನೆಯ ಯುದ್ಧಕಾಲದಲ್ಲಿ ಉತ್ತರ ಐರ್ಲೆಂಡಿನ ಅಗಸೆ ಲಕ್ಷ ಎಕರೆ ದಾಟಿತ್ತು. ಯುದ್ಧ ಮುಗಿದದ್ದೇ ತಡ, ಆಮದು ನಾರು ಅಗ್ಗಕ್ಕೆ ಸಿಕ್ಕಿತು, ಕೃತಕ ಎಳೆ ಮಾರುಕಟ್ಟೆ ಹಿಡಿಯಿತು. 1950ರ ದಶಕ ಕಳೆಯುವಷ್ಟರಲ್ಲಿ ನೀಲಿ ಹೊಲಗಳು ಬಹುಮಟ್ಟಿಗೆ ಮಾಯವಾದವು.

ಫ್ರಾನ್ಸಿನ ಕಥೆ ಇದಕ್ಕೆ ತಿರುವುಮುರುವು. ಅಲ್ಲಿ ಬೆಳೆ ಉಳಿಯಿತು, ಗಿರಣಿ ಹೋಯಿತು. ಜಗತ್ತಿನ ಉದ್ದೆಳೆಯ ಅಗಸೆ ನಾರಿನಲ್ಲಿ ಸುಮಾರು ಮುಕ್ಕಾಲು ಪಾಲು ಇಂದಿಗೂ ಬರುವುದು ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್‌ನ ಕರಾವಳಿ ಪಟ್ಟಿಯಿಂದ. ಅದರಲ್ಲೂ ಹೆಚ್ಚಿನದು ಫ್ರಾನ್ಸಿನ ನಾರ್ಮಂಡಿಯದು. ಆದರೆ ಅದರ ಬಹುಭಾಗ ನೂಲಾಗಲು ಚೀನಾಕ್ಕೆ ಹಡಗು ಹತ್ತುತ್ತದೆ, ಬಟ್ಟೆಯಾಗಿ ಯುರೋಪಿಗೆ ಹಿಂತಿರುಗುತ್ತದೆ. ನೂಲುವ ಕೆಲಸವನ್ನು ಪೋಲೆಂಡಿಗೆ ಸಾಗಿಸಿದ್ದ ಸಫಿಲಿನ್ ಕಂಪನಿ 2022ರಲ್ಲಿ ಉತ್ತರ ಫ್ರಾನ್ಸಿನ ಬೆಥೂನ್‌ನಲ್ಲಿ ಮತ್ತೆ ಗಿರಣಿ ತೆರೆಯಿತು. ಅದೇ ವರ್ಷ ನಾರ್ಮಂಡಿಯ ರೈತರ ಸಹಕಾರ ಸಂಘ ನ್ಯಾಟಪ್ ಕೂಡ ತನ್ನದೇ ಗಿರಣಿ ಆರಂಭಿಸಿತು. ನಾರು ಬೆಳೆದ ನೆಲದಲ್ಲೇ ನೂಲೂ ಆಗಬಹುದೆಂಬ ಭರವಸೆ ಆಗ ಅಲ್ಲಿ ಯಂತ್ರದ ಸದ್ದಾಗಿ ಕೇಳಿಸಿತು.

ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿ ನಡೆದ ಪ್ರಯತ್ನ ಚಿಕ್ಕದು, ಆದರೆ ಭಾರತೀಯರ ಮನಸ್ಸಿಗೆ ಹತ್ತಿರದ್ದು. ಸ್ವದೇಶಿ ಚಳವಳಿಯಿಂದ ಕೆಲಸ ಕಳೆದುಕೊಂಡ ಲ್ಯಾಂಕಶೈರಿನ ಗಿರಣಿ ಕಾರ್ಮಿಕರನ್ನು ಕಾಣಲು ಗಾಂಧೀಜಿ 1931ರಲ್ಲಿ ಹೋಗಿ ತಂಗಿದ್ದು ಈ ಊರಿನ ಪಕ್ಕದ ಡಾರ್ವೆನ್‌ನಲ್ಲಿ. ಸರಿಯಾಗಿ 90 ವರ್ಷದ ನಂತರ, 2021ರಲ್ಲಿ, ವಸ್ತ್ರವಿನ್ಯಾಸಕ ಪ್ಯಾಟ್ರಿಕ್ ಗ್ರಾಂಟ್, ನೈಸರ್ಗಿಕ ಬಣ್ಣಗಾರ್ತಿ ಜಸ್ಟಿನ್ ಆಲ್ಡರ್ಸೆ-ವಿಲಿಯಮ್ಸ್ ಮತ್ತು ಊರಿನ ಸ್ವಯಂಸೇವಕರು ಬ್ಲ್ಯಾಕ್‌ಬರ್ನ್‌ನ ಪಾಳುನೆಲದಲ್ಲಿ ಅಗಸೆ ಬಿತ್ತಿದರು. ಜೊತೆಗೆ ನೀಲಿ ಬಣ್ಣಕ್ಕೆ ವೋಡ್ ಗಿಡ. ಕಿತ್ತು, ಕೊಳೆಹಾಕಿ, ಬಡಿದು, ಕೈಯಲ್ಲೇ ನೂತರು. ತಮ್ಮ ಮಣ್ಣಿನ ನಾರು, ತಮ್ಮ ಮಣ್ಣಿನ ಬಣ್ಣದ ಒಂದು ಜೀನ್ಸ್ ಪ್ಯಾಂಟು ಅವರ ಗುರಿಯಾಗಿತ್ತು. ಮಿಲ್ ಬಟ್ಟೆಯಿಂದ ಲೋಕವನ್ನೇ ಹೊದಿಸಿದ್ದ ಊರು ಚರಕಕ್ಕೆ ಕೈಹಾಕಿತು.

ಈ ಮೂರೂ ಕಡೆ ಕಾಣುವ ತೊಡಕು ಒಂದೇ. ಹೊಲವೂ ಇದೆ, ಕೊಳ್ಳುವವರೂ ಇದ್ದಾರೆ; ನಡುವಿನ ಕೆಲಸಗಳು ತಪ್ಪಿಹೋಗಿವೆ. ಕೊಳೆಹಾಕುವ ಹದ ಬಲ್ಲವರು, ನಾರು ಬಿಡಿಸುವ ಯಂತ್ರ, ಬಿಸಿನೀರಿನ ನೂಲುವ ಚೌಕಟ್ಟು, ಇವುಗಳಲ್ಲಿ ಒಂದು ಇಲ್ಲದಿದ್ದರೂ ದಂಟು ಬಟ್ಟೆಯಾಗುವುದಿಲ್ಲ. ಭಾರತದ ಸ್ಥಿತಿಯೂ ಇದೇ. ಕಾಳಿಗೆಂದು ಅಗಸೆ ಬೆಳೆಯುವ ರೈತರಿದ್ದಾರೆ. ಪಶ್ಚಿಮ ಬಂಗಾಳದ ರಿಶ್ರಾದಲ್ಲಿ ಜಯಶ್ರೀ ಟೆಕ್ಸ್‌ಟೈಲ್ಸ್‌ನ ದೊಡ್ಡ ಲಿನನ್ ಗಿರಣಿ ಇದೆ. ಆದರೆ ಆ ಗಿರಣಿಗೆ ನಾರು ಬರುವುದು ಯುರೋಪಿನಿಂದ. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಲಿನನ್ ಅಂಗಿಯ ಎಳೆ ನಾರ್ಮಂಡಿಯ ಇಬ್ಬನಿಯಲ್ಲಿ ನೆನೆದದ್ದಾಗಿರಬಹುದು.

ಟೈರೋನಿನಲ್ಲಿ ಕೀಸ್ ಮತ್ತು ಮ್ಯಾಲನ್ ಈ ನಡುವಿನ ಕೊಂಡಿಗಳನ್ನೇ ಒಂದೊಂದಾಗಿ ಹುಡುಕಿದವರು. ನಾರು ಬಿಡಿಸುವ ಹಳೆಯ ಯಂತ್ರವೊಂದನ್ನು ತಂದು, ರಿಪೇರಿ ಮಾಡಿ, ಮತ್ತೆ ಓಡಿಸಿದರು. ಆದ್ದರಿಂದ ಅವರ ಹೊಲದ ದಂಟು ಈಗ ಅಲ್ಲಿಯೇ ನಾರಾಗುತ್ತದೆ. ಅದೇ ಕೌಂಟಿಯ ಇನ್ನೊಂದು ತುದಿಯಲ್ಲಿ, ಮೋರ್ನ್ ನದಿಯ ದಂಡೆಯ ಸಯನ್ ಮಿಲ್ಸ್ ಎಂಬಲ್ಲಿ, ಹರ್ಡ್‌ಮನ್ ಮನೆತನ 1835ರಲ್ಲಿ ಆರಂಭಿಸಿದ ಲಿನನ್ ನೂಲಿನ ಗಿರಣಿ ಇದೆ. ಕಾರ್ಮಿಕರಿಗೆಂದು ಅದರ ಸುತ್ತ ಕಟ್ಟಿದ ಊರಿಗೂ ಗಿರಣಿಯದೇ ಹೆಸರು. ಅಲ್ಲಿ ನೂಲುವ ಕೆಲಸ ನಿಂತದ್ದು 2004ರಲ್ಲಿ.