ನಾಯಿಯ ಚರ್ಮ, ಉಗುರಿನ ಕಾಯಿಲೆ: ಮುಲಾಮಿಗೆ ಮೊದಲು ಪರೀಕ್ಷೆ

ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಹೊರಡುವ ಘಟಪ್ರಭಾ ನದಿ ಧೂಪದಾಳ, ಗೋಕಾಕಗಳನ್ನು ದಾಟಿ ಮುಧೋಳದತ್ತ ಸಾಗುತ್ತದೆ. ಈ ನದಿಯ ಬಯಲು ಕಬ್ಬಿಗೆ ಹೆಸರಾದಷ್ಟೇ ಬೇಟೆನಾಯಿಗೂ ಹೆಸರಾದುದು. ಕುರಿಹಟ್ಟಿಯ ಕಾವಲಿಗಿದ್ದ ಮುಧೋಳ ನಾಯಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯಲ್ಲಿ ಮುದ್ರಿಸಿತು. ಇಂದು ಅದೇ ನಾಯಿ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರುಗಳ ಮನೆಗಳಲ್ಲಿ ಲ್ಯಾಬ್ರಡಾರ್, ಪಗ್‌ಗಳ ಜೊತೆ ಬೆಳೆಯುತ್ತಿದೆ. ಜಾತಿ ಯಾವುದೇ ಇರಲಿ, ಮಳೆಗಾಲದಲ್ಲಿ ಮಾಲೀಕರ ದೂರು ಹೆಚ್ಚುಕಡಿಮೆ ಒಂದೇ: ಕೂದಲು ಉದುರುತ್ತಿದೆ, ಕೆರೆತ ನಿಲ್ಲುತ್ತಿಲ್ಲ, ಕಾಲನ್ನು ಸದಾ ನೆಕ್ಕುತ್ತಿದೆ.

ತೊಡಕು ಆರಂಭವಾಗುವುದೇ ಇಲ್ಲಿ. ಹತ್ತಾರು ಕಾಯಿಲೆಗಳು ಚರ್ಮದ ಮೇಲೆ ಒಂದೇ ವೇಷದಲ್ಲಿ ಕಾಣಿಸಿಕೊಳ್ಳುತ್ತವೆ. ಕೂದಲಿಲ್ಲದ ಮಚ್ಚೆಯನ್ನು ನೋಡಿದೊಡನೆ ಹಳ್ಳಿಗಳಲ್ಲಿ ಸುಟ್ಟ ಎಂಜಿನ್ ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಹಚ್ಚುವ ರೂಢಿ ಇನ್ನೂ ಉಳಿದಿದೆ. ನಾಯಿ ಅದನ್ನು ನೆಕ್ಕಿ ಹೊಟ್ಟೆಗೆ ಸೇರಿಸಿಕೊಳ್ಳುತ್ತದೆ, ಚರ್ಮವೂ ಸುಡುತ್ತದೆ. ಪಟ್ಟಣಗಳಲ್ಲಿ ನಡೆಯುವುದು ಇದಕ್ಕಿಂತ ತೀರ ಬೇರೆಯಲ್ಲ. ಮನೆಮಂದಿ ತಮಗಾಗಿ ತಂದ, ಸ್ಟಿರಾಯ್ಡ್ ಬೆರೆತ ಮುಲಾಮನ್ನೇ ನಾಯಿಗೂ ಹಚ್ಚುತ್ತಾರೆ. ನಾಲ್ಕು ದಿನ ತುರಿಕೆ ಅಡಗುತ್ತದೆ, ಒಳಗಿನ ಕಾಯಿಲೆ ಮಾತ್ರ ಹರಡುತ್ತದೆ.

ಪಶುವೈದ್ಯರು ಸೂಜಿ ಹಿಡಿಯುವುದಕ್ಕೆ ಮೊದಲು ಪ್ರಶ್ನೆಗಳನ್ನು ಕೇಳುತ್ತಾರೆ. ನಾಯಿಯ ವಯಸ್ಸೆಷ್ಟು? ಮೊದಲು ಬಂದದ್ದು ತುರಿಕೆಯೋ, ಕೂದಲುದುರುವಿಕೆಯೋ? ಮನೆಯ ಬೇರೆ ಪ್ರಾಣಿಗಳಿಗೆ, ಮನುಷ್ಯರಿಗೆ ತುರಿ ಇದೆಯೇ? ಇವುಗಳಲ್ಲಿ ತುರಿಕೆಯ ಪ್ರಶ್ನೆಗೆ ಸಿಗುವ ಉತ್ತರವೇ ಅರ್ಧ ದಾರಿಯನ್ನು ತೋರಿಸಿಬಿಡುತ್ತದೆ.

ಕಜ್ಜಿಯನ್ನೇ ತೆಗೆದುಕೊಳ್ಳಬಹುದು. ಅದನ್ನು ತರುವ ನುಸಿಗಳಲ್ಲಿ ಮುಖ್ಯವಾದವು ಎರಡು. ಡೆಮೊಡೆಕ್ಸ್ ಎಂಬುದು ಕೂದಲಿನ ಬುಡದಲ್ಲಿ ವಾಸಿಸುವ ನುಸಿ; ಹುಟ್ಟಿದ ಮೊದಲ ದಿನಗಳಲ್ಲಿ ಹಾಲು ಕುಡಿಯುವ ಮರಿಗೆ ತಾಯಿಯಿಂದ ದಾಟುತ್ತದೆ. ಕಣ್ಣಿನ ಸುತ್ತ, ಮೂತಿ, ಮುಂಗಾಲುಗಳಲ್ಲಿ ಕೂದಲು ಉದುರುತ್ತದೆ, ತುರಿಕೆ ಬಹುಮಟ್ಟಿಗೆ ಇರುವುದಿಲ್ಲ. ಮರಿಗಳಲ್ಲಿ ಒಂದೆರಡು ಮಚ್ಚೆಗಳಷ್ಟೇ ಇದ್ದರೆ ತಾನಾಗಿಯೇ ವಾಸಿಯಾಗುವುದೂ ಉಂಟು. ವಯಸ್ಸಾದ ನಾಯಿಯ ಮೈತುಂಬ ಇದು ಹರಡಿದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಬೇರೊಂದು ಕಾಯಿಲೆಯನ್ನು ಹುಡುಕಬೇಕಾಗುತ್ತದೆ. ಸ್ಟಿರಾಯ್ಡ್ ಬೆಂಕಿಗೆ ತುಪ್ಪ ಸುರಿಯುವುದು ಈ ಕಜ್ಜಿಗೇ. ಚರ್ಮವನ್ನು ಹಿಂಡಿ, ಸಣ್ಣಗೆ ರಕ್ತ ಜಿನುಗುವಷ್ಟು ಆಳಕ್ಕೆ ಕೆರೆದು, ಎಣ್ಣೆಯ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನುಸಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ಸಾರ್ಕಾಪ್ಟಿಸ್ ನುಸಿಯ ಸ್ವಭಾವ ಇದಕ್ಕೆ ಪೂರ್ಣ ವಿರುದ್ಧ. ನಿದ್ದೆಗೆಡಿಸುವ ತುರಿಕೆ, ಕಿವಿಯಂಚು ಮತ್ತು ಮೊಣಕೈಗಳಲ್ಲಿ ಹಕ್ಕಳೆ. ಕಿವಿಯಂಚನ್ನು ಬೆರಳಲ್ಲಿ ಉಜ್ಜಿದೊಡನೆ ಹಿಂಗಾಲು ತಾನೇ ಕೆರೆಯತೊಡಗುವುದು ಇದರ ಹಳೆಯ ಗುರುತು. ಒಂದು ನಾಯಿಯಿಂದ ಇನ್ನೊಂದಕ್ಕೆ ಬೇಗ ಅಂಟುತ್ತದೆ. ಎತ್ತಿ ಆಡಿಸುವವರ ಕೈ, ಹೊಟ್ಟೆಯ ಮೇಲೂ ಕೆಲಕಾಲ ಗುಳ್ಳೆ ಏಳುತ್ತವೆ. ವಿಚಿತ್ರವೆಂದರೆ ಎಷ್ಟು ಕೆರೆದು ನೋಡಿದರೂ ಈ ನುಸಿ ಅನೇಕ ವೇಳೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ವರದಿಯಲ್ಲಿ ನುಸಿ ಇಲ್ಲವೆಂದಿದ್ದರೂ ಲಕ್ಷಣಗಳನ್ನು ನಂಬಿ ಔಷಧ ಕೊಟ್ಟು ನೋಡುವುದೂ ಒಂದು ಪರೀಕ್ಷೆಯೇ.

ಗಜಕರ್ಣವನ್ನು ಎಲ್ಲರೂ ಗುಂಡಗಿನ ಮಚ್ಚೆಯೆಂದೇ ತಿಳಿದಿದ್ದಾರೆ. ನಾಯಿಯಲ್ಲಿ ಗುಂಡಗಿರುವುದೆಲ್ಲ ಗಜಕರ್ಣವಲ್ಲ. ವುಡ್ಸ್ ದೀಪದ ನೇರಳಾತೀತ ಬೆಳಕಿನಲ್ಲಿ ಕೂದಲು ಹಸಿರಾಗಿ ಹೊಳೆದರೆ ಮೈಕ್ರೋಸ್ಪೋರಮ್ ಕ್ಯಾನಿಸ್ ಶಿಲೀಂಧ್ರದ ಸಂಶಯ ಬಲವಾಗುತ್ತದೆ. ಹೊಳೆಯದ ಶಿಲೀಂಧ್ರಗಳೂ ಇರುವುದರಿಂದ ಕೂದಲನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದುಂಟು. ಅದಕ್ಕೆ ಎರಡು ಮೂರು ವಾರ ಹಿಡಿಯಬಹುದು. ಬಾಲದ ಬುಡದ ಮೇಲ್ಭಾಗವನ್ನೇ ನಾಯಿ ಕಚ್ಚಿಕೊಳ್ಳುತ್ತಿದ್ದರೆ ಚಿಗಟವನ್ನು ಸಂಶಯಿಸಬೇಕು. ಅಲ್ಲಿನ ಕಪ್ಪು ಹುಡಿಯನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿದಾಗ ಕೆಂಪಾಗಿ ಹರಡಿದರೆ ಅದು ಚಿಗಟ ಹೀರಿ ವಿಸರ್ಜಿಸಿದ ರಕ್ತ. ಪರೀಕ್ಷೆಗಳಲ್ಲಿ ಇಷ್ಟು ಅಗ್ಗದ್ದು ಮತ್ತೊಂದಿಲ್ಲ.

ತುರಿಕೆಯಿಲ್ಲದೆ ಎರಡೂ ಪಕ್ಕೆಗಳಲ್ಲಿ ಸಮನಾಗಿ ಕೂದಲುದುರಿದರೆ ಕಾರಣ ಚರ್ಮದಲ್ಲಿ ಇರಲಾರದು. ನಾಯಿ ದಪ್ಪವಾಗಿ, ಮಂಕಾಗಿದ್ದರೆ ಥೈರಾಯ್ಡ್ ಕೊರತೆಗಾಗಿ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಸಾಕುವ, ನೀರುನಾಯಿಯ ಕುಲಕ್ಕೆ ಸೇರಿದ ಫೆರೆಟ್ ಎಂಬ ಪುಟ್ಟ ಪ್ರಾಣಿಯಲ್ಲೂ ಹೀಗೆಯೇ. ಬಾಲದಿಂದ ಮೇಲಕ್ಕೆ ಕೂದಲು ಉದುರತೊಡಗಿದರೆ ಅಲ್ಲಿನ ವೈದ್ಯರು ಮೊದಲು ಸಂಶಯಿಸುವುದು ಮೂತ್ರಪಿಂಡದ ಬಳಿಯ ಅಡ್ರಿನಲ್ ಗ್ರಂಥಿಯನ್ನು.

ಇನ್ನು ಉಗುರು. ಚರ್ಮಕ್ಕೆ ಸಿಗುವ ಗಮನ ಇದಕ್ಕೆ ಸಿಗುವುದಿಲ್ಲ. ನಾಯಿ ಕುಂಟಿದ ಮೇಲೆಯೇ ಮಾಲೀಕರು ಪಂಜವನ್ನು ಎತ್ತಿ ನೋಡುತ್ತಾರೆ. ಇಲ್ಲಿ ಎಣಿಕೆ ಮುಖ್ಯ. ಒಂದೇ ಉಗುರು ಕೆಟ್ಟಿದ್ದರೆ ಸಾಮಾನ್ಯವಾಗಿ ಪೆಟ್ಟು ಅಥವಾ ಕೀವು ಕಾರಣ. ಆದರೆ ವಯಸ್ಸಾದ ನಾಯಿಯಲ್ಲಿ, ವಿಶೇಷವಾಗಿ ಕಪ್ಪು ಬಣ್ಣದ ದೊಡ್ಡ ಜಾತಿಗಳಲ್ಲಿ, ಬೆರಳು ಊದಿ ವಾರಗಳಾದರೂ ಮಾಯದಿದ್ದರೆ ಉಗುರಿನ ಬುಡದ ಕ್ಯಾನ್ಸರ್ ಇರಬಹುದು. ಎಕ್ಸ್‌ರೇಯಲ್ಲಿ ಬೆರಳ ತುದಿಯ ಎಲುಬು ಸವೆದಿದೆಯೇ ಎಂದು ನೋಡುವುದು, ತುಣುಕನ್ನು ಪರೀಕ್ಷೆಗೆ ಕಳುಹಿಸುವುದು ಅನಿವಾರ್ಯ. ಕೀವೆಂದು ಭಾವಿಸಿ ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತ ಕುಳಿತರೆ ಆ ಅವಧಿಯಲ್ಲೇ ಗಡ್ಡೆ ಬೆಳೆದುಬಿಡುತ್ತದೆ. ಆರೋಗ್ಯವಾಗಿಯೇ ಇರುವ ನಾಯಿಯ ನಾಲ್ಕೂ ಪಂಜಗಳ ಉಗುರುಗಳು ಒಂದರ ಹಿಂದೊಂದು ಕಳಚಿಬಿದ್ದರೆ ದೇಹ ತನ್ನ ಉಗುರಿನ ಬುಡದ ಮೇಲೆ ತಾನೇ ದಾಳಿ ಮಾಡುವ ಕಾಯಿಲೆ ಅದಾಗಿರಬಹುದು. ಅದಕ್ಕೆ ತಿಂಗಳುಗಳ ಚಿಕಿತ್ಸೆ ಬೇಕು. ಬೆರಳಸಂದಿ ಜಿಡ್ಡಾಗಿ, ಹುಳಿವಾಸನೆ ಬಂದು, ಉಗುರಿನ ಬುಡ ಕಂದಾಗಿದ್ದರೆ ಮಲಾಸೆಜಿಯಾ ಎಂಬ ಯೀಸ್ಟ್ ಇರುವ ಸಂಭವವೇ ಹೆಚ್ಚು. ಪಾರದರ್ಶಕ ಟೇಪನ್ನು ಅಂಟಿಸಿ ಕಿತ್ತು, ಬಣ್ಣ ಹಾಕಿ ನೋಡಿದರೆ ಕೆಲವೇ ನಿಮಿಷಗಳಲ್ಲಿ ಗೊತ್ತಾಗುತ್ತದೆ. ಜ್ವರ, ಕೆಮ್ಮು, ಕಣ್ಣಿನ ಪಿಸುರಿನ ಜೊತೆ ಮೂಗು ಮತ್ತು ಅಂಗಾಲಿನ ಮೆತ್ತೆ ಗಡುಸಾದರೆ ಅದು ಚರ್ಮರೋಗವಲ್ಲ, ಪ್ರಾಣಕ್ಕೇ ಎರವಾಗುವ ಡಿಸ್ಟೆಂಪರ್ ಆಗಿರಬಹುದು.

ಕಾಯಿಲೆಯಿಲ್ಲದೆಯೂ ಉಗುರು ತೊಂದರೆ ಕೊಡುತ್ತದೆ. ಹೊಲದಲ್ಲಿ ಓಡುವ ನಾಯಿಯ ಉಗುರು ಕಲ್ಲುಮಣ್ಣಿಗೆ ಸವೆಯುತ್ತದೆ. ನುಣುಪು ಟೈಲ್ಸ್ ಮೇಲೆ ಬೆಳೆದದ್ದಕ್ಕೆ ಆ ಭಾಗ್ಯವಿಲ್ಲ. ನೆಲಕ್ಕೆ ತಾಗದ ಮುಂಗಾಲಿನ ಒಳಬದಿಯ ಉಗುರಂತೂ ಸುರುಳಿಯಾಗಿ ಬೆಳೆದು ಮಾಂಸಕ್ಕೇ ಚುಚ್ಚಿಕೊಳ್ಳುತ್ತದೆ.

ಔಷಧಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಕಜ್ಜಿಗೆಂದು ಬಳಸುವ ಐವರ್‌ಮೆಕ್ಟಿನ್ ಕೋಲಿ ಮತ್ತು ಅದರ ಸಂಬಂಧಿ ಜಾತಿಗಳ ಅನೇಕ ನಾಯಿಗಳಲ್ಲಿ ಮಿದುಳಿಗೆ ನುಗ್ಗಿ ಪ್ರಾಣಾಪಾಯ ತರಬಲ್ಲದು. ದನಕ್ಕೆ ತಂದಿಟ್ಟ ಇಂಜೆಕ್ಷನ್ನನ್ನು ಅಂದಾಜಿನ ಮೇಲೆ ನಾಯಿಗೆ ಚುಚ್ಚುವುದು ಯಾವ ಜಾತಿಗೂ ಸಲ್ಲದು. ಈಗ ಫ್ಲುರಾಲನರ್, ಅಫಾಕ್ಸೊಲನರ್ ಮುಂತಾದ ಅಗಿಯುವ ಮಾತ್ರೆಗಳು ಚಿಗಟ, ಉಣ್ಣೆಗಳ ಜೊತೆ ಈ ನುಸಿಗಳನ್ನೂ ಕೊಲ್ಲುತ್ತವೆ. ಮೂರ್ಛೆ ಬರುವ ನಾಯಿಯಾದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಆಸ್ಪತ್ರೆಗೆ ಕರೆದೊಯ್ಯುವ ಹಿಂದಿನ ಒಂದೆರಡು ದಿನ ಸ್ನಾನ ಮಾಡಿಸದೆ, ಮುಲಾಮು ಹಚ್ಚದೆ ಇರುವುದು ಒಳಿತು. ತೊಳೆದ ಚರ್ಮದಲ್ಲಿ ವೈದ್ಯರಿಗೆ ಬೇಕಾದ ಪುರಾವೆಯೂ ತೊಳೆದುಹೋಗಿರುತ್ತದೆ. ಈವರೆಗೆ ಹಚ್ಚಿದ, ನುಂಗಿಸಿದ ಔಷಧಗಳ ಖಾಲಿ ಟ್ಯೂಬು, ಚೀಟಿಗಳನ್ನು ಜೊತೆಗೆ ಒಯ್ಯಬೇಕು. ಕಳಚಿಬಿದ್ದ ಉಗುರು ಸಿಕ್ಕಿದ್ದರೆ ಅದನ್ನೂ.