ಎಂಜಿನ್ನಿನ ಬಿಸಿನೀರು

ನಾನು ಬೆಳೆದದ್ದು ಭಾಲ್ಕಿ ತಾಲ್ಲೂಕಿನ ಸಾಯಗಾಂವದಲ್ಲಿ. ಚಳಿಗಾಲ ಬಂತೆಂದರೆ ನಮ್ಮ ಹೊಲದಲ್ಲಿ ಕಬ್ಬಿನ ಗಾಣ ಶುರುವಾಗುತ್ತಿತ್ತು. ಗಾಣ ತಿರುಗಿಸಲು ಒಂದು ಡೀಸೆಲ್ ಎಂಜಿನ್. ಅದರ ಮೈ ತಣಿಸಲು ಒಂದು ಕಡೆಯಿಂದ ಬಾವಿಯ ತಣ್ಣೀರು ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆಯಿಂದ ಬಿಸಿಯಾಗಿ ಹೊರಗೆ ಬರುತ್ತಿತ್ತು. ಬೀದರದ ಡಿಸೆಂಬರ್ ಚಳಿ ಕಂಡವರಿಗೆ ಆ ನೀರಿನ ಬೆಲೆ ಗೊತ್ತು. ಹುಡುಗರೆಲ್ಲ ನಸುಕಿನಲ್ಲೇ ಓಡಿಬಂದು ಆ ಪೈಪಿನ ಕೆಳಗೆ ಸ್ನಾನ ಮಾಡುತ್ತಿದ್ದೆವು.

ಆಗ ನನಗೆ ಹನ್ನೊಂದು ವರ್ಷ. ಡೀಸೆಲ್ ದುಬಾರಿಯಾಯಿತೆಂದು ಅಪ್ಪ ದಿನವೂ ಗೊಣಗುತ್ತಿದ್ದರು. ನನಗೊಂದು ಯೋಚನೆ ಹೊಳೆಯಿತು. ಡೀಸೆಲ್ಲಿನ ಶಾಖವೆಲ್ಲ ನೀರಿನ ಜೊತೆ ಹರಿದುಹೋಗುತ್ತಿದೆಯಲ್ಲ, ಅದನ್ನು ತಡೆದರೆ ಎಂಜಿನ್ ಇನ್ನೂ ಜೋರಾಗಿ ಓಡಬೇಕಲ್ಲ? ಯಾರೂ ಇಲ್ಲದಾಗ ನೀರು ಬಂದ್ ಮಾಡಿದೆ. ಸ್ವಲ್ಪ ಹೊತ್ತಿಗೆ ಸದ್ದು ಬದಲಾಯಿತು, ಸುಟ್ಟ ವಾಸನೆ ಬಂತು, ಎಂಜಿನ್ ನಿಂತೇ ಹೋಯಿತು. ಪಿಸ್ಟನ್ ಹಿಗ್ಗಿ ಸಿಲಿಂಡರಿನೊಳಗೆ ಸಿಕ್ಕಿಕೊಂಡಿತ್ತು.

ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಕಡಿದಿಟ್ಟ ಕಬ್ಬು ಒಣಗಿತು, ಬೆಲ್ಲ ಕಪ್ಪಾಯಿತು. ಬೈಗುಳ ತಿಂದದ್ದು ಮಾತ್ರ ಎಂಜಿನ್ ಕಾಯುತ್ತಿದ್ದ ಕಾಕಾ. ಮೂರನೆಯ ದಿನ ತಡೆಯಲಾಗದೆ, ಅಳುತ್ತ ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಹೊಡೆಯಲಿಲ್ಲ. ಕಾಕಾನ ಮನೆಗೆ ಕರೆದೊಯ್ದು ನನ್ನಿಂದ ತಪ್ಪು ಒಪ್ಪಿಸಿದರು.

ಮೊನ್ನೆ ಮೊಮ್ಮಗ ಬೈಕಿನ ಸೈಲೆನ್ಸರ್ ಮುಟ್ಟಿ ಕೈ ಸುಟ್ಟುಕೊಂಡ. “ಮುತ್ಯಾ, ಇಷ್ಟು ಶಾಖ ಸುಮ್ನ ಹೊಂಟದಲ್ಲ, ಯಾಕ?” ಎಂದ. ಅದು ನನ್ನದೇ ಹಳೆಯ ಪ್ರಶ್ನೆ! ಬ್ಯಾಂಕಿನ ಗುಮಾಸ್ತನಾಗಿದ್ದ ನಾನು ಲೆಕ್ಕದ ಪುಸ್ತಕ ತೆರೆದೇ ಉತ್ತರ ಹೇಳಿದೆ.

ಡೀಸೆಲ್ ಉರಿದು 100 ರೂಪಾಯಿಯಷ್ಟು ಶಾಖ ಜಮೆಯಾಯಿತು ಎನ್ನಿ. ನಮ್ಮ ಗಾಣದಂಥ ಹಳೆಯ ಎಂಜಿನ್ನಿನಲ್ಲಿ ಸುಮಾರು 30 ರೂಪಾಯಿ ಮಾತ್ರ ಕೆಲಸಕ್ಕೆ ಸಿಗುತ್ತದೆ. ಸುಮಾರು 30 ತಣಿಸುವ ನೀರಿಗೆ, ಇನ್ನೊಂದು 30 ಹೊಗೆಗೆ, ಉಳಿದದ್ದು ತಿಕ್ಕಾಟಕ್ಕೆ ಮತ್ತು ಸುತ್ತಲಿನ ಗಾಳಿಗೆ. ಕೂಡಿಸಿದರೆ 100; ಒಂದು ಪೈಸೆಯೂ ಕಳೆದುಹೋಗಿಲ್ಲ. ಕೆಲಸಕ್ಕೆ ಸಿಕ್ಕ ಪಾಲಿಗೆ ದಕ್ಷತೆ ಎಂದು ಹೆಸರು.

ಜಾಣ ಎಂಜಿನಿಯರುಗಳು ಪೂರ್ತಿ 100 ಪಡೆಯಬಾರದೇ? ಅದಕ್ಕೊಂದು ಮಿತಿಯಿದೆ ಎಂದು 1824ರಲ್ಲಿ ತೋರಿಸಿದವನು ಫ್ರಾನ್ಸಿನ ಸಾದಿ ಕಾರ್ನೋ. ಆಗ ಅವನಿಗೆ ಬರೀ 28 ವರ್ಷ. ಮೇಲಿನಿಂದ ತಗ್ಗಿಗೆ ಬೀಳುವ ನೀರು ಚಕ್ರ ತಿರುಗಿಸುತ್ತದೆ. ತಗ್ಗೇ ಇಲ್ಲದಿದ್ದರೆ ನೀರೆಷ್ಟಿದ್ದರೂ ಚಕ್ರ ತಿರುಗದು. ಶಾಖವೂ ಹಾಗೆಯೇ. ಬಿಸಿಯಿಂದ ತಂಪಿನ ಕಡೆ ಇಳಿಯುವಾಗಲೇ ಅದರ ಒಂದು ಪಾಲು ಕೆಲಸವಾಗುತ್ತದೆ. ಉಳಿದ ಪಾಲು ತಂಪಿಗೆ ಸೇರಲೇಬೇಕು.

ಮಕ್ಕಳೇ, ನೀವೇ ಲೆಕ್ಕ ಹಾಕಿ. ವಿದ್ಯುತ್ ಕೇಂದ್ರವೊಂದರ ಆವಿ 527 ಡಿಗ್ರಿ ಸೆಲ್ಸಿಯಸ್, ತಂಪಿನ ಬದಿ 47 ಡಿಗ್ರಿ ಎಂದಿಟ್ಟುಕೊಳ್ಳಿ. ಎರಡಕ್ಕೂ 273 ಸೇರಿಸಿದರೆ 800 ಮತ್ತು 320 ಕೆಲ್ವಿನ್. 320ನ್ನು 800ರಿಂದ ಭಾಗಿಸಿದರೆ 0.40. ಅಂದರೆ 100ರಲ್ಲಿ 40 ಪಾಲು ಶಾಖವನ್ನು ಬಿಟ್ಟುಕೊಡಲೇಬೇಕು. ದಕ್ಷತೆ 60ನ್ನು ದಾಟದು. ನಿಜದಲ್ಲಿ ಸಿಗುವುದು ಸುಮಾರು 35. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಶುರುವಾದ ಕಲ್ಲಿದ್ದಲು ವಿದ್ಯುತ್ ಕೇಂದ್ರ ಕೃಷ್ಣೆಯ ದಂಡೆಯಲ್ಲೇ ಏಕಿದೆ ಎಂಬುದು ಈಗ ತಿಳಿಯಿತಲ್ಲ? ಅದಕ್ಕೆ ಬೆಂಕಿ ಎಷ್ಟು ಬೇಕೋ ತಂಪೂ ಅಷ್ಟೇ ಬೇಕು.

ನಮ್ಮ ಗಾಣದ ನೀರು ಕಾಪಾಡುತ್ತಿದ್ದದ್ದು ಎಂಜಿನ್ನಿನ ಕಬ್ಬಿಣವನ್ನು. ಎಷ್ಟೇ ಶಾಖ ತಡೆಯುವ ಲೋಹ ಸಿಕ್ಕಿದ್ದರೂ ಲಾಭ ಸ್ವಲ್ಪ. ಬಹುಪಾಲು ಶಾಖ ಹೊಗೆಯ ಜೊತೆ ಹೋಗುತ್ತಿತ್ತು.

ಆದರೆ ಬಿಟ್ಟುಕೊಟ್ಟ ಶಾಖವೆಲ್ಲ ವ್ಯರ್ಥವಾಗಬೇಕಿಲ್ಲ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಆವಿ ಮಾಡುತ್ತಾರೆ. ಟರ್ಬೈನ್ ತಿರುಗಿಸಿದ ಅದೇ ಆವಿ ಮುಂದೆ ಕಬ್ಬಿನ ಹಾಲನ್ನೂ ಕುದಿಸುತ್ತದೆ. ಒಂದೇ ಬೆಂಕಿ, ಎರಡು ಕೆಲಸ.

ಮೊಮ್ಮಗ ಇದನ್ನೆಲ್ಲ ಕೇಳಿ, “ಹಂಗಾದ್ರ ನೀವು ಆ ನೀರಿನಾಗ ಜಳಕ ಮಾಡಿದ್ದು ಛಲೋ ಆಯ್ತಲ್ಲ ಮುತ್ಯಾ” ಎಂದ. ಹೌದಪ್ಪ, ಎಂಜಿನ್ ರಿಪೇರಿಯಾದ ಮರುದಿನ ನಸುಕಿನಲ್ಲಿ ನನ್ನನ್ನು ಎಬ್ಬಿಸಿ ಆ ಬಿಸಿನೀರಿನ ಕೆಳಗೆ ಕೂಡಿಸಿದವರು ಅದೇ ಕಾಕಾ.